ಟೇಪಿನ ಮಾತು ತಡವಾಗಿ ಬರುತ್ತದೆ

ಟೇಪಿಗೆ ಬರೆಯಲು ಕೊಟ್ಟ ಪ್ರೋಗ್ರಾಮಿಗೆ 'ಬರೆದಾಯಿತು' ಎಂಬ ಉತ್ತರ ಬಂದಾಗ ಆ ಅಕ್ಷರಗಳು ಟೇಪಿನ ಮೇಲೆ ಇರುವುದು ಅಪರೂಪ. ಅವು ಡ್ರೈವಿನ ಬಫರಿನಲ್ಲಿ, ಅಂದರೆ ಕರೆಂಟು ಹೋದರೆ ಅಳಿಸಿಹೋಗುವ ಒಂದಿಷ್ಟು ಮೆಮೊರಿಯಲ್ಲಿ, ಸರದಿಗೆ ಕಾಯುತ್ತಿರುತ್ತವೆ. ಓಡುವ ಟೇಪನ್ನು ನಡುವೆ ನಿಲ್ಲಿಸಿದರೆ ಅದು ಒಂದಷ್ಟು ಮುಂದೆ ಹೋಗಿಯೇ ನಿಲ್ಲುತ್ತದೆ. ಹಿಂದಕ್ಕೆ ಸುತ್ತಿ, ವೇಗ ಹಿಡಿದು, ಬಿಟ್ಟ ಜಾಗಕ್ಕೆ ಮತ್ತೆ ಬರಬೇಕು. ಹೀಗೆ ಮತ್ತೆ ಮತ್ತೆ ಆದರೆ ಟೇಪೂ ಸವೆಯುತ್ತದೆ, ಹೆಡ್ಡೂ ಸವೆಯುತ್ತದೆ. ಅದನ್ನು ತಪ್ಪಿಸಲಿಕ್ಕೆಂದೇ ಬಫರು ಇರುವುದು. ಆದರೆ ಅದರಿಂದ ಒಂದು ತೊಡಕೂ ಹುಟ್ಟುತ್ತದೆ. ಬರೆಯುವಾಗ ಆದ ತಪ್ಪಿನ ಸುದ್ದಿ ತಪ್ಪಾದ ಬ್ಲಾಕಿನ ಜೊತೆ ಬರುವುದಿಲ್ಲ. ಅದು ಮುಂದಿನ ಯಾವುದೋ ಬ್ಲಾಕಿನ ಜೊತೆ ಬರುತ್ತದೆ, ಇಲ್ಲವೇ ಎಲ್ಲ ಮುಗಿದು ಟೇಪನ್ನು ಮುಚ್ಚುವಾಗ ಬರುತ್ತದೆ. ಅಷ್ಟರಲ್ಲಿ ಕೇಳಬೇಕಾದವರು ಎದ್ದು ಹೋಗಿದ್ದರೆ ಸುದ್ದಿ ಯಾರಿಗೂ ಮುಟ್ಟುವುದಿಲ್ಲ.

ಇದು ನನಗೆ ಪುಸ್ತಕದಿಂದ ಬಂದ ತಿಳಿವಳಿಕೆಯಲ್ಲ. ಬೆಳಗಾವಿಯ ಒಂದು ಪತ್ತಿನ ಸಹಕಾರಿ ಸಂಘವೂ ಅದರ ಖಾನಾಪುರ ಶಾಖೆಯೂ ಇದನ್ನು ನನಗೆ ಕಲಿಸಿದವು.

1990ರ ದಶಕದ ನಡುವೆ ನಾನು ಟಿಳಕವಾಡಿಯಲ್ಲಿದ್ದ ಒಂದು ಸಣ್ಣ ಕಂಪ್ಯೂಟರ್ ರಿಪೇರಿ ಸಂಸ್ಥೆಗೆ ಸೇರಿದೆ. ಉದ್ಯಮಬಾಗದ ಫೌಂಡ್ರಿಗಳು, ಖಡೇಬಜಾರಿನ ಬಟ್ಟೆ ಅಂಗಡಿಗಳು, ಕ್ಯಾಂಪಿನ ನರ್ಸಿಂಗ್ ಹೋಮುಗಳು, ಜೊತೆಗೆ ಗಲ್ಲಿಗೊಂದರಂತೆ ಇದ್ದ ಸೊಸೈಟಿಗಳು ನಮ್ಮ ಗಿರಾಕಿಗಳು. ದೊಡ್ಡ ಬ್ಯಾಂಕುಗಳಿಗೆ 1984ರ ರಂಗರಾಜನ್ ಸಮಿತಿಯ ವರದಿಯ ನಂತರ ಲೆಡ್ಜರ್ ಯಂತ್ರಗಳು ಬಂದಿದ್ದವು. ಸೊಸೈಟಿಗಳು ಅದನ್ನು ನೋಡಿ ನಿಧಾನವಾಗಿ ಕಂಪ್ಯೂಟರಿಗೆ ಬಂದವು. ನಾನು ಹೇಳುತ್ತಿರುವ ಸಂಘದಲ್ಲಿ ಒಂದು 486 ಯಂತ್ರ, ಅದರ ಮೇಲೆ ಎಸ್‌ಸಿಒ ಯುನಿಕ್ಸ್, ಗೋಡೆಗುಂಟ ಓಡಿದ ಸೀರಿಯಲ್ ಕೇಬಲ್ಲುಗಳ ತುದಿಗೆ ಕೆಲವು ಟರ್ಮಿನಲ್ಲುಗಳು ಇದ್ದವು. ಖಾನಾಪುರ ಶಾಖೆಗೂ ಅಂಥದೇ ಒಂದು ಸಣ್ಣ ಜೋಡಣೆ. ಎರಡೂ ಕಡೆ ಕ್ಯೂಐಸಿ-150 ಟೇಪ್ ಡ್ರೈವ್ ಇತ್ತು. ಅದರ ಕಾರ್ಟ್ರಿಡ್ಜಿನ ತಳಕ್ಕೆ ದಪ್ಪ ಅಲ್ಯೂಮಿನಿಯಂ ತಟ್ಟೆ, ಒಳಗೆ ಕಾಲಿಂಚು ಅಗಲದ ಟೇಪು. ಅದರ ಮೇಲೆ 18 ಜಾಡುಗಳು. ಟೇಪು ಈ ತುದಿಯಿಂದ ಆ ತುದಿಗೆ ಒಂದು ಜಾಡು ಬರೆದು, ತಿರುಗಿ ಬರುತ್ತ ಇನ್ನೊಂದು ಬರೆಯುತ್ತ, ಹೀಗೆ ಹೋಗಿ ಬಂದು 150 ಎಂಬಿ ತುಂಬಿಕೊಳ್ಳುತ್ತಿತ್ತು. ಸಂಜೆ ಲೆಕ್ಕ ಮುಗಿದ ಮೇಲೆ ಆ ಡ್ರೈವಿನ ಸದ್ದು ಹೊರಗಿನ ವರಾಂಡಕ್ಕೂ ಕೇಳುತ್ತಿತ್ತು.

ಬೆಳಗಾವಿಯಿಂದ ಖಾನಾಪುರಕ್ಕೆ ಸುಮಾರು 26 ಕಿಲೋಮೀಟರು. ಪೀರನವಾಡಿ, ಮಚ್ಛೆ, ದೇಸೂರು ದಾಟುತ್ತ ಹೋದಂತೆ ಮಳೆ ಬೇರೆಯಾಗುತ್ತದೆ. ಬೆಳಗಾವಿಯಲ್ಲಿ ಬಂದು ನಿಲ್ಲುವ ಮಳೆ ಅಲ್ಲಿ ನಿಲ್ಲುವುದಿಲ್ಲ. ಮಲಪ್ರಭೆ ಹುಟ್ಟುವ ಕಣಕುಂಬಿ, ಜಾಂಬೋಟಿಯ ಕಾಡು ಎಲ್ಲ ಅದೇ ತಾಲೂಕಿನವು. ಜೂನಿನಿಂದ ಸೆಪ್ಟೆಂಬರಿನವರೆಗೆ ಶಾಖೆಯ ಗೋಡೆಗಳು ಒದ್ದೆಯಾಗಿಯೇ ಇರುತ್ತಿದ್ದವು, ಕಾಗದ ಮೆತ್ತಗಾಗಿ ಪ್ರಿಂಟರಿನಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಶಾಖೆಯ ವ್ಯವಹಾರದಲ್ಲಿ ದೊಡ್ಡ ಪಾಲು ಪಿಗ್ಮಿಯದು. ಹಂಚಿನ ಕಾರ್ಖಾನೆಯ ಕೂಲಿಯವರು, ಸಂತೆಯಲ್ಲಿ ಕಾಯಿಪಲ್ಲೆ ಮಾರುವ ಹೆಣ್ಣುಮಕ್ಕಳು, ಸ್ಟೇಷನ್ನಿನ ಹತ್ತಿರದ ಚಹಾದ ಅಂಗಡಿಯವರು ದಿನಕ್ಕೆ ಎರಡೋ ಐದೋ ರೂಪಾಯಿ ಏಜೆಂಟನ ಕೈಗೆ ಕೊಡುತ್ತಿದ್ದರು. ಆ ಎರಡು ರೂಪಾಯಿಯ ನಮೂದು ಒಂದು ಫೈಲಿನಲ್ಲಿ ಒಂದು ಸಾಲು. ದೊಡ್ಡ ಸಾಲಗಾರನ ಲೆಕ್ಕ ತಪ್ಪಿದರೆ ಕೇಳಲು ವಕೀಲನಿದ್ದಾನೆ. ಆ ಸಾಲು ಕಳೆದುಹೋದರೆ ಆ ಹೆಣ್ಣುಮಗಳಿಗೆ ಕೇಳುವವರು ಯಾರು? ಬ್ಯಾಕಪ್ಪಿನ ಬಗ್ಗೆ ಮುಂದೆ ನಾನು ಹಿಡಿದ ಹಟಕ್ಕೆ ಈ ಎಣಿಕೆಯೇ ಕಾರಣ.

ಶಾಖೆಯ ಹಿರಿಯ ಗುಮಾಸ್ತರನ್ನು ನಾವೆಲ್ಲ ಕಾಕಾ ಅನ್ನುತ್ತಿದ್ದೆವು. ಮುಖ್ಯ ಕಚೇರಿಯವರು ಕೈಬರಹದ ರೋಜಕೀರ್ದಿ ನಿಲ್ಲಿಸಲು ಹೇಳಿದ್ದರೂ ಅವರು ಪ್ರತಿ ಸಂಜೆ ಬರೆಯುತ್ತಲೇ ಇದ್ದರು. "ಮಷೀನ್ ಬರದೈತಿ ಅಂತ ನನಗ ಹೆಂಗ್ ಗೊತ್ತಾಗ್ಬೇಕಪಾ? ಇದನ್ನ ನಾ ಓದ್ತೀನಿ, ಅದನ್ನ ಯಾರ ಓದ್ಯಾರ?" ಎಂದು ಒಮ್ಮೆ ನನ್ನನ್ನೇ ಕೇಳಿದ್ದರು. ಟೇಪಿನ ಬಗ್ಗೆ ಅದಕ್ಕಿಂತ ಸರಿಯಾದ ಪ್ರಶ್ನೆಯನ್ನು ಮುಂದೆ ಯಾವ ಎಂಜಿನಿಯರೂ ನನ್ನೆದುರು ಕೇಳಲಿಲ್ಲ.

1997ರ ಮಳೆಗಾಲದಲ್ಲಿ ಖಾನಾಪುರ ಶಾಖೆಯ ಡಿಸ್ಕು ಹೋಯಿತು. ಸಾಫ್ಟ್‌ವೇರ್ ಕೊಟ್ಟವರು ಬೇರೆ ಊರಿನವರು, ಬ್ಯಾಕಪ್ಪಿನ ಸ್ಕ್ರಿಪ್ಟೂ ಅವರದೇ. ನಮ್ಮ ಪಾಲಿಗೆ ಬಂದದ್ದು ಹೊಸ ಡಿಸ್ಕು ಹಾಕಿ ಟೇಪಿನಿಂದ ಮರಳಿ ಇಳಿಸುವ ಕೆಲಸ. ಸೋಮವಾರದಿಂದ ಶನಿವಾರದವರೆಗೆ ದಿನಕ್ಕೊಂದು ಟೇಪು, ತಿಂಗಳ ಕೊನೆಗೆ ಬೇರೆ ಒಂದು. ಪ್ರತಿ ಸಂಜೆಯೂ ಪರದೆಯ ಮೇಲೆ 'ಬ್ಯಾಕಪ್ ಓವರ್' ಎಂದು ಮೂಡಿತ್ತು, ರಿಜಿಸ್ಟರಿನಲ್ಲಿ ಸಹಿಯೂ ಆಗಿತ್ತು. ಶನಿವಾರದ ಟೇಪು ಹಾಕಿದೆವು. ಸ್ವಲ್ಪ ದೂರ ಓದಿ, ಫೈಲು ಅರ್ಧಕ್ಕೇ ಮುಗಿದಿದೆ ಎಂದು ನಿಂತಿತು. ಶುಕ್ರವಾರದ್ದು ಇನ್ನೂ ಮೊದಲೇ ನಿಂತಿತು. ವಾರದ ಎಲ್ಲ ಟೇಪುಗಳೂ ಒಂದೊಂದು ಜಾಗದಲ್ಲಿ ನಿಂತವು.

ಸ್ಕ್ರಿಪ್ಟು ತೆಗೆದು ನೋಡಿದೆ. ಟಾರ್ ಫೈಲುಗಳನ್ನು ಕಟ್ಟುತ್ತದೆ, ಕಂಪ್ರೆಸ್ ಅದನ್ನು ಕುಗ್ಗಿಸುತ್ತದೆ, ಡಿಡಿ ಟೇಪಿಗೆ ಬರೆಯುತ್ತದೆ. ಮೂರೂ ಪೈಪಿನಲ್ಲಿ ಸಾಲಾಗಿ ನಿಂತಿದ್ದವು. ತಪ್ಪಿನ ಸಂದೇಶಗಳನ್ನೆಲ್ಲ ಯಾರೂ ಓದದ ಶೂನ್ಯ ಫೈಲಿಗೆ ಕಳುಹಿಸಿದ್ದರು. ಸಾಲಿನ ಕೊನೆಗೆ ಒಂದು ಅರ್ಧವಿರಾಮ, ಆಮೇಲೆ 'ಬ್ಯಾಕಪ್ ಓವರ್' ಎಂದು ಬರೆಯುವ ಆಜ್ಞೆ. ಹಿಂದಿನ ಆಜ್ಞೆ ಗೆದ್ದರೂ ಸೋತರೂ ಅರ್ಧವಿರಾಮದ ಮುಂದಿನದು ನಡೆದೇ ನಡೆಯುತ್ತದೆ. ಡ್ರೈವಿನ ಹೆಡ್ಡಿಗೆ ಕೊಳೆ ಕೂತು ಬರಹ ಕೆಡತೊಡಗಿತ್ತು. ಕ್ಯೂಐಸಿ-150 ಡ್ರೈವಿನಲ್ಲಿ ಬರೆಯುವ ಹೆಡ್ಡಿನ ಹಿಂದೆಯೇ ಓದುವ ಹೆಡ್ಡು ಇರುತ್ತದೆ. ಬರೆದ ಬ್ಲಾಕನ್ನು ಆಗಿಂದಾಗಲೇ ಓದಿ ನೋಡಿ, ಸರಿಯಿಲ್ಲದಿದ್ದರೆ ಅದೇ ಬ್ಲಾಕನ್ನು ಟೇಪಿನ ಮುಂದಿನ ಜಾಗದಲ್ಲಿ ಮತ್ತೆ ಬರೆಯುತ್ತದೆ. ಹೀಗೆ ಬರೆದೂ ಬರೆದೂ ಆಗದಿದ್ದಾಗ ಮಾತ್ರ ಸೋಲು ಒಪ್ಪಿಕೊಂಡು ಡ್ರೈವರಿಗೆ, ಅಂದರೆ ಕಂಪ್ಯೂಟರಿನ ಕಡೆಯಿಂದ ಡ್ರೈವನ್ನು ನಡೆಸುವ ಪ್ರೋಗ್ರಾಮಿಗೆ, ತಿಳಿಸುತ್ತದೆ. ಡ್ರೈವ್ ತಿಳಿಸಿತ್ತು. ಡ್ರೈವರ್ ಆ ಸುದ್ದಿಯನ್ನು ಡಿಡಿಗೆ ದಾಟಿಸಿತ್ತು. ಡಿಡಿ ಅದನ್ನು ಹೇಳಿಯೇ ನಿಂತಿತ್ತು. ಡಿಡಿ ನಿಂತದ್ದರಿಂದ ಪೈಪು ಮುರಿದು ಕಂಪ್ರೆಸ್ ಸತ್ತಿತ್ತು, ಅದರ ಹಿಂದೆ ಟಾರ್ ಕೂಡ. ಇಷ್ಟೂ ಜನ ತಮ್ಮ ಕೆಲಸ ಸರಿಯಾಗಿ ಮಾಡಿದ್ದರು. ಕೊನೆಯ ಒಂದು ಸಾಲು ಎಲ್ಲರ ಮಾತನ್ನೂ ನುಂಗಿಹಾಕಿತ್ತು.

ಶಾಖೆಯವರಿಗೆ ಒಂದು ಸುಳಿವು ಸಿಕ್ಕಿತ್ತು, ಅದು ಸುಳಿವು ಎಂದು ಯಾರಿಗೂ ಹೊಳೆದಿರಲಿಲ್ಲ. ಕೆಲವು ವಾರಗಳಿಂದ ಬ್ಯಾಕಪ್ಪು ಮೊದಲಿಗಿಂತ ಬೇಗ ಮುಗಿಯುತ್ತಿತ್ತು. ಮಳೆಯಲ್ಲಿ ಮನೆಗೆ ಬೇಗ ಹೋಗಬಹುದೆಂದು ಎಲ್ಲರಿಗೂ ಸಮಾಧಾನವಾಗಿತ್ತು. ಅಂದಿನಿಂದ ಇಂದಿನವರೆಗೆ ಬ್ಯಾಕಪ್ಪು ಬೇಗ ಮುಗಿಯಿತೆಂದು ಯಾರಾದರೂ ಹೇಳಿದರೆ ನನ್ನ ಎದೆ ಹೊಡೆದುಕೊಳ್ಳುತ್ತದೆ.

ಹಿಂದಿನ ತಿಂಗಳ ಕೊನೆಯ ಟೇಪು ಉಳಿದಿತ್ತು. ಅದು ಕೊನೆಯವರೆಗೂ ಬರೆಯಲ್ಪಟ್ಟಿತ್ತು, ಆದರೆ ನಡುವೆ ಒಂದು ಕಡೆ ಓದಲಾಗದ ಜಾಗವಿತ್ತು. ಡಿಡಿಗೆ ತಪ್ಪನ್ನು ದಾಟಿ ಮುಂದೆ ಹೋಗು, ಹೋದ ಜಾಗಕ್ಕೆ ಸೊನ್ನೆ ತುಂಬು ಎಂದು ಹೇಳಬಹುದು. ಹಾಗೆ ಹೇಳಿ ಉಳಿದದ್ದನ್ನೆಲ್ಲ ಡಿಸ್ಕಿಗೆ ತಂದೆವು. ಸಂಖ್ಯೆಯ ಲೆಕ್ಕದಲ್ಲಿ ಕಳೆದದ್ದು ಕೆಲವೇ ಬ್ಲಾಕು, ಒಂದೊಂದು 512 ಬೈಟು. ಆದರೆ ಕುಗ್ಗಿಸಿದ ಹರಿವಿನಲ್ಲಿ ಆ ತೂತಿನ ಆಚೆಗೆ ಇದ್ದದ್ದೆಲ್ಲ ಅರ್ಥವಿಲ್ಲದ ಕಸವಾಯಿತು. ಇದೇಕೆ ಹೀಗೆಂದು ಕಾಕಾ ಕೇಳಿದಾಗ ಅವರ ರೋಜಕೀರ್ದಿಯನ್ನೇ ತೋರಿಸಿ ಹೇಳಿದೆ. ಅವರು ಒಂದು ಹೆಸರಿನ ಕೆಳಗೆ ಮತ್ತೆ ಅದೇ ಹೆಸರು ಬಂದರೆ ಡಿಟ್ಟೊ ಗುರುತು ಹಾಕುತ್ತಿದ್ದರು. ಪುಟದ ಮೇಲ್ಭಾಗ ಹರಿದುಹೋದರೆ ಕೆಳಗಿನ ಡಿಟ್ಟೊಗಳೆಲ್ಲ ಇದ್ದೂ ಇಲ್ಲದಂತೆ. ಕುಗ್ಗಿಸುವ ವಿಧಾನವೂ ಅದೇ: ಹಿಂದೆ ಬಂದದ್ದನ್ನು ಮತ್ತೆ ಬರೆಯದೆ, ಹಿಂದೆ ಇಂಥಲ್ಲಿ ಇದ್ದದ್ದೇ ಇದು ಎಂದು ಬೊಟ್ಟು ಮಾಡುವುದು. ಅದೇ ಸಂಘದ, ಒಂದು ವರ್ಷ ಹಿಂದಿನ, ಕುಗ್ಗಿಸದೆ ಬರೆದ ಟೇಪೊಂದರಲ್ಲೂ ಅಂಥ ತೂತು ಸಿಕ್ಕಿತು. ಅಲ್ಲಿ ಹೋದದ್ದು ಒಂದೇ ಫೈಲು. ಟಾರ್ ಪ್ರತಿ ಫೈಲಿನ ಮುಂದೆ ಅದರ ಹೆಸರು, ಅಳತೆ, ತಾರೀಖು ಇರುವ ತಲೆಬರಹ ಹಾಕುತ್ತದೆ. ಒಂದು ಕೆಟ್ಟರೆ ಮುಂದಿನ ತಲೆಬರಹ ಹುಡುಕಿ ಅಲ್ಲಿಂದ ಮುಂದುವರಿಯಬಹುದು. ಎರಡೂ ಟೇಪುಗಳನ್ನು ಒಂದೇ ಮಧ್ಯಾಹ್ನ ಅಕ್ಕಪಕ್ಕ ಇಟ್ಟು ನೋಡಿದ್ದು ನನ್ನ ವೃತ್ತಿಯ ದಿಕ್ಕನ್ನೇ ತಿರುಗಿಸಿತು.

ತೂತಿನ ಈಚೆಗೆ ಸಿಕ್ಕ ಖಾತೆಗಳನ್ನು ಇಳಿಸಿದೆವು. ಪಿಗ್ಮಿಯ ಫೈಲು ಆಚೆಗಿತ್ತು. ಅದನ್ನು ಕಾಕಾನ ರೋಜಕೀರ್ದಿ, ಏಜೆಂಟರ ರಸೀದಿ ಪುಸ್ತಕ, ಜನರ ಪಾಸ್‌ಬುಕ್ಕು ಮೂರನ್ನೂ ತಾಳೆ ನೋಡಿ ಮತ್ತೆ ಕಟ್ಟಿದೆವು. ಕಾಕಾ ಓದುತ್ತಿದ್ದರು, ಸಂಘದ ಇಬ್ಬರು ಹುಡುಗಿಯರು ಟೈಪು ಮಾಡುತ್ತಿದ್ದರು, ನಾನು ಮೊತ್ತ ಕೂಡಿಸಿ ಅಂದಿನ ನಗದಿಗೆ ಹೊಂದಿಸುತ್ತಿದ್ದೆ. ಪಾಸ್‌ಬುಕ್ ತಂದುಕೊಟ್ಟ ಒಬ್ಬ ಅಜ್ಜಿ, "ನನ್ನ ರೊಕ್ಕ ಐತೇನ್ರೀ ಸಾಹೇಬ್ರ?" ಎಂದು ಕೇಳಿದಳು. ಐತ್ರಿ ಅವ್ವಾ ಎಂದು ಹೇಳಲು ನಮಗೆ ಆ ರಾತ್ರಿಯವರೆಗೆ ಬೇಕಾಯಿತು.

ಆಮೇಲೆ ನನಗೆ ಹಿಡಿದ ಹುಚ್ಚೆಂದರೆ, ತಪ್ಪಿನ ಸುದ್ದಿ ಹೆಡ್ಡಿನಿಂದ ಹೊರಟು ಮನುಷ್ಯನ ಕಿವಿಗೆ ಮುಟ್ಟುವ ದಾರಿಯನ್ನು ಪೂರ್ತಿ ತಿಳಿಯಬೇಕು ಎಂಬುದು. ಎಸ್‌ಸಿಒ ಯುನಿಕ್ಸಿನ ಒಳಗನ್ನು ನಮ್ಮಂಥವರು ನೋಡುವಂತಿರಲಿಲ್ಲ. ಆದರೆ ಆ ವರ್ಷಗಳಲ್ಲಿ ಪಿಸಿ ಕ್ವೆಸ್ಟ್ ಪತ್ರಿಕೆಯ ಜೊತೆ ಲಿನಕ್ಸ್ ಸಿಡಿ ಬರುತ್ತಿತ್ತು, ಅದರಲ್ಲಿ ಕರ್ನಲ್ಲಿನ ಮೂಲ ಬರಹವೂ ಇರುತ್ತಿತ್ತು. ಬೆಳಗಾವಿಯ ಒಂದು ಕೋಣೆಯಲ್ಲಿ ಕೂತು ಟೇಪಿನ ಡ್ರೈವರನ್ನು ಮೊದಲ ಸಾಲಿನಿಂದ ಓದಬಹುದು ಎಂಬುದೇ ನನಗೆ ನಂಬಲಾರದ ಸಂಗತಿಯಾಗಿತ್ತು.

ಮೊದಲು ಓದಿದ್ದು ಎಫ್‌ಟೇಪ್. ಬಾಸ್ ಲಾರ್‌ಹೋವನ್ ಶುರು ಮಾಡಿದ ಈ ಡ್ರೈವರನ್ನು ಆಮೇಲೆ ಕ್ಲಾಸ್-ಯುಸ್ಟುಸ್ ಹೈನೆ ಬೆಳೆಸಿದರು. ಉದ್ಯಮಬಾಗದ ಒಂದು ಫೌಂಡ್ರಿಯ ಕಚೇರಿಯಲ್ಲಿ ಫ್ಲಾಪಿಯ ಕೇಬಲ್ಲಿಗೇ ಸಿಕ್ಕಿಸುವ ಕ್ಯೂಐಸಿ-80 ಡ್ರೈವ್ ಇತ್ತು, ಅದರ ನೆಪದಲ್ಲಿ ಓದಿಗೆ ಕೂತೆ. ಅಗ್ಗದ ಯಂತ್ರ ಅದು. ಬರೆಯುತ್ತಿರುವಾಗಲೇ ಓದಿ ನೋಡುವ ಹೆಡ್ಡು ಅದಕ್ಕಿಲ್ಲ. ಹಾಗಾಗಿ ಕೆಟ್ಟದ್ದು ಕೆಟ್ಟಿತೆಂದು ಬರೆಯುವಾಗ ಡ್ರೈವಿಗೇ ಗೊತ್ತಿರುವುದಿಲ್ಲ. ಈ ಕೊರತೆಯನ್ನು ಡ್ರೈವರ್ ಎರಡು ಕಡೆಯಿಂದ ತುಂಬುತ್ತದೆ. ಟೇಪನ್ನು ಫಾರ್ಮ್ಯಾಟ್ ಮಾಡುವಾಗಲೇ ಕೆಟ್ಟ ಸೆಕ್ಟರುಗಳ ಪಟ್ಟಿ ತಯಾರಾಗಿ ಟೇಪಿನ ಮೊದಲಲ್ಲಿ ಕೂತಿರುತ್ತದೆ. ಡ್ರೈವರ್ ಅವನ್ನು ಬಿಟ್ಟು ಬರೆಯುತ್ತದೆ. ಉಳಿದದ್ದಕ್ಕೆ 32 ಸೆಕ್ಟರುಗಳ ಒಂದೊಂದು ತುಂಡಿನಲ್ಲಿ 29 ಮಾಹಿತಿಗೆ, 3 ತಿದ್ದುಪಡಿಗೆ. ರೀಡ್-ಸಾಲಮನ್ ಗಣಿತದಿಂದ ಲೆಕ್ಕ ಹಾಕಿದ ಆ ಮೂರು ಸೆಕ್ಟರುಗಳಿದ್ದರೆ, ಯಾವುವು ಕೆಟ್ಟಿವೆ ಎಂಬುದು ಗೊತ್ತಿರುವಾಗ, ಮೂರು ಸೆಕ್ಟರು ಪೂರ್ತಿ ಹೋದರೂ ಮತ್ತೆ ಹುಟ್ಟಿಸಬಹುದು. ದುಬಾರಿ ಡ್ರೈವುಗಳಲ್ಲಿ ಚಿಪ್ಪು ಮಾಡುವ ಈ ಕೆಲಸವನ್ನು ಇಲ್ಲಿ ಸಿ ಭಾಷೆಯ ಕೆಲವು ಪುಟಗಳು ಮಾಡುತ್ತಿದ್ದವು. ಆ ಪುಟಗಳನ್ನು ನಾನು ಪ್ರಿಂಟು ತೆಗೆದು ಹೊಲಿಸಿ ಇಟ್ಟುಕೊಂಡಿದ್ದೆ.

ಹೈನೆಯವರ ಝಡ್‌ಎಫ್‌ಟೇಪಿನಲ್ಲಿ ಕುಗ್ಗಿಸುವ ಕೆಲಸವೂ ಕರ್ನಲ್ಲಿನ ಒಳಗೇ ನಡೆಯುತ್ತಿತ್ತು. ಅದಕ್ಕೆ ಬಳಸಿದ್ದು ರಾಸ್ ವಿಲಿಯಮ್ಸರ ಎಲ್‌ಝಡ್‌ಆರ್‌ಡಬ್ಲ್ಯು3, ಹೆಚ್ಚು ಕುಗ್ಗಿಸದಿದ್ದರೂ ಬೇಗ ಮುಗಿಸುವ ವಿಧಾನ. ಟೇಪು ನಿಲ್ಲದೆ ಓಡಬೇಕಾದರೆ ವೇಗವೇ ಮುಖ್ಯ, ಹಾಗಾಗಿ ಆ ಆಯ್ಕೆ ಸರಿ. ನನಗೆ ಹೆಚ್ಚು ಹಿಡಿಸಿದ್ದು ಇನ್ನೊಂದು: ಅದು ಇಡೀ ಹರಿವನ್ನು ಒಂದೇ ಸರಪಳಿಯಾಗಿ ಕುಗ್ಗಿಸದೆ ಒಂದೊಂದು ಬ್ಲಾಕನ್ನು ಬೇರೆ ಬೇರೆಯಾಗಿ ಕುಗ್ಗಿಸುತ್ತಿತ್ತು. ಒಂದು ಕೆಟ್ಟರೆ ಹಾನಿ ಅದರ ಗಡಿ ದಾಟುವುದಿಲ್ಲ. ಖಾನಾಪುರದ ಟೇಪು ಕಲಿಸಿದ್ದನ್ನು ಬೇರೆ ದೇಶದ ಒಬ್ಬರು ಆಗಲೇ ಯೋಚಿಸಿ ಬರೆದಿಟ್ಟಿದ್ದರು.

ಆಮೇಲೆ ಎಸ್‌ಟಿ, ಸ್ಕಸಿ ಟೇಪುಗಳ ಡ್ರೈವರು, ಫಿನ್ಲೆಂಡಿನ ಕಾಯ್ ಮ್ಯಾಕಿಸಾರಾ ಅವರದು. ಬರಹ ಬಿಗಿ, ಟಿಪ್ಪಣಿ ಸ್ಪಷ್ಟ. ತಡವಾಗಿ ಬರುವ ತಪ್ಪಿಗೆ ಅಲ್ಲಿ ನೆಲೆಯೇ ಇದೆ. ಸ್ಕಸಿಯಲ್ಲಿ ಡ್ರೈವ್ ತನ್ನ ಸ್ಥಿತಿ ಹೇಳುವ ಉತ್ತರದ ಮೊದಲ ಬೈಟು ಹದಿನಾರರ ಎಣಿಕೆಯಲ್ಲಿ 70 ಎಂದಿದ್ದರೆ ಈಗ ಕೊಟ್ಟ ಆಜ್ಞೆಯ ತಪ್ಪು, 71 ಎಂದಿದ್ದರೆ ಹಿಂದೆ ಸರಿಯಾಯಿತೆಂದು ಹೇಳಿದ್ದ ಯಾವುದೋ ಆಜ್ಞೆಯ ತಪ್ಪು. ಡ್ರೈವರ್ ತಾನೂ ಬಫರು ಇಟ್ಟುಕೊಂಡು ಬರೆಯುವಾಗ ಹಿಂದಿನ ಬರಹದ ತಪ್ಪನ್ನು ಮುಂದಿನ ಬರಹಕ್ಕೋ ಮುಚ್ಚುವ ಕರೆಗೋ ಉತ್ತರವಾಗಿ ಕೊಡುತ್ತದೆ. ಆದ್ದರಿಂದ ಬರೆಯುವ ಪ್ರೋಗ್ರಾಮು ಕೊನೆಯ ಮುಚ್ಚುವಿಕೆಯ ಉತ್ತರವನ್ನೂ ಕೇಳಿಸಿಕೊಳ್ಳಲೇಬೇಕು. ಟೇಪಿನ ಮೇಲೆ ಫೈಲಿನ ಕೊನೆಯ ಗುರುತು ಹಾಕುವ ಆಜ್ಞೆಗೆ ಡ್ರೈವ್ ಸಾಮಾನ್ಯವಾಗಿ ತನ್ನ ಬಫರನ್ನು ಪೂರ್ತಿ ಖಾಲಿ ಮಾಡಿಯೇ ಉತ್ತರಿಸುತ್ತದೆ. ಆ ಗುರುತಿಗೆ ಒಳ್ಳೆಯ ಉತ್ತರ ಬಂದರೆ ಮಾತ್ರ ಅದಕ್ಕೂ ಹಿಂದಿನದು ಟೇಪಿಗೆ ಇಳಿದಿದೆ ಎಂದು ಒಪ್ಪಬಹುದು. ನಾನು ಬರೆದ ಹೊಸ ಸ್ಕ್ರಿಪ್ಟುಗಳು ಈ ಉತ್ತರ ಬರುವವರೆಗೆ ಪರದೆಗೆ ಒಂದಕ್ಷರವನ್ನೂ ಕಳಿಸುತ್ತಿರಲಿಲ್ಲ.

ಆ ಹೊತ್ತಿಗೆ ಸಂಘ ಹಳೆಯ ಡ್ರೈವುಗಳನ್ನು ತೆಗೆದು ಡಿಎಟಿ ಹಾಕಿಸಿತು. 4 ಮಿಲಿಮೀಟರು ಅಗಲದ ಟೇಪು, ಸೋನಿ ಮತ್ತು ಎಚ್‌ಪಿ 1989ರಲ್ಲಿ ತಂದ ಡಿಡಿಎಸ್ ಬಗೆಯದು. ನಾವು ಕೊಂಡ ಡಿಡಿಎಸ್-2ರಲ್ಲಿ 120 ಮೀಟರು ಟೇಪಿಗೆ 4 ಜಿಬಿ. ತಿರುಗುವ ಡ್ರಮ್ಮಿಗೆ ಟೇಪು ಓರೆಯಾಗಿ ಸುತ್ತಿಕೊಂಡು ಹೋಗುತ್ತದೆ. ಡ್ರಮ್ಮಿನ ಮೇಲೆ ತೇವ ಕೂತರೆ ಟೇಪು ಅಂಟಿಕೊಂಡು ಹರಿಯುವ ಅಪಾಯ, ಅದಕ್ಕೇ ಅದರೊಳಗೆ ತೇವ ಗುರುತಿಸುವ ಸೆನ್ಸರ್ ಇರುತ್ತದೆ. ಖಾನಾಪುರದ ಜುಲೈ ತಿಂಗಳಲ್ಲಿ ಅದು ಎಷ್ಟೋ ಬೆಳಿಗ್ಗೆ ಕೆಲಸ ಮಾಡಲು ಒಪ್ಪುತ್ತಿರಲಿಲ್ಲ. ಯಂತ್ರ ಹಚ್ಚಿಟ್ಟು ಒಳಗೆ ಬೆಚ್ಚಗಾಗುವವರೆಗೆ ಕಾಯಬೇಕು. ಶಾಖೆಯವರು ಇದನ್ನು ಡ್ರೈವಿನ ದೋಷವೆಂದು ದೂರಿದರು. ನನಗೆ ಅದು ಡ್ರೈವಿನ ಅತ್ಯಂತ ಒಳ್ಳೆಯ ಗುಣವಾಗಿ ಕಂಡಿತು. ಬರೆಯಲಾರೆ ಎಂದು ಮೊದಲೇ ಹೇಳುವ ಯಂತ್ರ ಬರೆದೆ ಎಂದು ಸುಳ್ಳು ಹೇಳುವುದಕ್ಕಿಂತ ಸಾವಿರ ಪಾಲು ಮೇಲು. ಟೇಪುಗಳನ್ನು ಗೋಡೆಯ ಕಪಾಟಿನಿಂದ ತೆಗೆದು, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ಲಿನ ಜೊತೆ ಇಡಿಸಿದೆ. ತೇವ ಕುಡಿದ ಟೇಪಿನಲ್ಲಿ ಕಾಂತದ ಪುಡಿಯನ್ನು ಹಿಡಿದಿಟ್ಟ ಅಂಟು ಒಡೆದು ಜಿಗುಟಾಗುತ್ತದೆ, ಹೆಡ್ಡಿಗೆ ಮೆತ್ತಿಕೊಳ್ಳುತ್ತದೆ, ಅದೇ ಕೊಳೆ ಮುಂದಿನ ಟೇಪನ್ನೂ ಕೆಡಿಸುತ್ತದೆ.

ಡಿಡಿಎಸ್ ಡ್ರೈವಿನ ಒಳಗೇ ಡಿಸಿಎಲ್‌ಝಡ್ ಎಂಬ ಕುಗ್ಗಿಸುವ ಚಿಪ್ಪು ಇತ್ತು. ಪೆಟ್ಟಿಗೆಯ ಮೇಲೆ 4 ಜಿಬಿ ಬದಲು ದೊಡ್ಡದಾಗಿ 8 ಜಿಬಿ ಎಂದು ಅಚ್ಚು ಮಾಡಿದ್ದರು. ಎಲ್ಲ ಮಾಹಿತಿಯೂ ಅರ್ಧಕ್ಕೆ ಕುಗ್ಗುತ್ತದೆ ಎಂಬ ಎಣಿಕೆಯ ಮೇಲೆ ನಿಂತ ಅಂಕಿ ಅದು. ಸೊಸೈಟಿಯ ಖಾತೆಗಳು ಅದಕ್ಕಿಂತಲೂ ಚೆನ್ನಾಗಿ ಕುಗ್ಗುತ್ತಿದ್ದವು, ಯಾಕೆಂದರೆ ಹೆಸರಿಗೆ ಮೀಸಲಿಟ್ಟ ಜಾಗದಲ್ಲಿ ಮುಕ್ಕಾಲು ಪಾಲು ಖಾಲಿ ಜಾಗವೇ. ಆಮೇಲೆ ಸಹಿಯ ಕಾರ್ಡುಗಳನ್ನು, ಸದಸ್ಯರ ಫೋಟೋಗಳನ್ನು ಸ್ಕ್ಯಾನ್ ಮಾಡಿ ಇಡುವ ಕಾಲ ಬಂತು. ಜೆಪೆಗ್ ಚಿತ್ರ ಆಗಲೇ ಕುಗ್ಗಿರುವಂಥದು. ಅದನ್ನು ಮತ್ತೆ ಕುಗ್ಗಿಸಲು ಹೋದರೆ ಒಂದಷ್ಟು ಹಿಗ್ಗುವುದೂ ಉಂಟು. ಎಂಟು ಜಿಬಿ ಹಿಡಿಯುತ್ತದೆಂದು ನಂಬಿದ ಟೇಪು ಒಂದು ಸಂಜೆ ಐದು ಜಿಬಿಗೇ ತುಂಬಿತು.

ಟೇಪು ತುಂಬುವುದೂ ಡ್ರೈವರಿಗೆ ಸೂಕ್ಷ್ಮದ ವಿಷಯ. ನಿಜವಾದ ಕೊನೆಗಿಂತ ಸ್ವಲ್ಪ ಮುಂಚೆ ಡ್ರೈವು ಎಚ್ಚರಿಕೆ ಕೊಡುತ್ತದೆ, ಬಫರಿನಲ್ಲಿ ಉಳಿದದ್ದನ್ನು ಇಳಿಸಲು, ಕೊನೆಯ ಗುರುತು ಹಾಕಲು ಜಾಗ ಇರಲೆಂದು. ಎಸ್‌ಟಿ ಡ್ರೈವರ್ ಈ ಎಚ್ಚರಿಕೆಯನ್ನು ಜಾಗವಿಲ್ಲ ಎಂಬ ಉತ್ತರವಾಗಿ ಪ್ರೋಗ್ರಾಮಿಗೆ ಕೊಡುತ್ತದೆ. ಇದನ್ನು ತಪ್ಪೆಂದು ತಿಳಿದು ಎಲ್ಲ ಬಿಟ್ಟು ನಿಲ್ಲುವ ಪ್ರೋಗ್ರಾಮೂ ಉಂಟು, ಗಮನಿಸದೆ ಮುನ್ನುಗ್ಗುವುದೂ ಉಂಟು. ಸರಿಯಾದ ದಾರಿ: ಎಷ್ಟು ಬರೆದಾಯಿತೆಂದು ಕೇಳಿ, ಗುರುತು ಹಾಕಿ, ಎರಡನೆಯ ಟೇಪು ಕೇಳಿ, ಬಿಟ್ಟ ಬೈಟಿನಿಂದಲೇ ಮುಂದುವರಿಯುವುದು. ಚಿಪ್ಪು ಒಳಗೆ ಕುಗ್ಗಿಸುತ್ತಿದ್ದರೆ ಇನ್ನೆಷ್ಟು ಹಿಡಿಯುತ್ತದೆ ಎಂಬುದು ಡ್ರೈವರಿಗೂ ಗೊತ್ತಿರುವುದಿಲ್ಲ, ಕಳಿಸಿದ ಬೈಟಿಗೂ ಟೇಪಿನ ಉದ್ದಕ್ಕೂ ಲೆಕ್ಕ ಹೊಂದುವುದಿಲ್ಲ. ನಾನು ಖಾನಾಪುರದಲ್ಲಿ ಆ ಚಿಪ್ಪನ್ನು ನಿಲ್ಲಿಸಿ, ಒಂದೊಂದು ಫೈಲನ್ನೂ ಬೇರೆ ಬೇರೆಯಾಗಿ ಜಿಝಿಪ್ಪಿನಿಂದ ಕುಗ್ಗಿಸಿ, ಆಮೇಲೆ ಟಾರಿನಲ್ಲಿ ಕಟ್ಟುವ ಪದ್ಧತಿ ಮಾಡಿದೆ. ಇದರಿಂದ ಒಂದಿಷ್ಟು ಜಾಗ ದಂಡ, ಸಮಯವೂ ಹೆಚ್ಚು. ಆದರೆ ಟೇಪಿನಲ್ಲಿ ತೂತು ಬಿದ್ದರೆ ಹೋಗುವುದು ಒಂದು ಫೈಲು, ಉಳಿದವಕ್ಕೆ ಧಕ್ಕೆಯಿಲ್ಲ. ಇಡೀ ಟಾರನ್ನು ಒಟ್ಟಿಗೆ ಕುಗ್ಗಿಸಿದರೆ ಹೆಚ್ಚು ಹಿಡಿಯುತ್ತದೆ ಎಂದು ವಾದಿಸುವ ಮಿತ್ರರು ಇಂದಿಗೂ ಇದ್ದಾರೆ. ಹೊಸ ಟೇಪಿನ ಬೆಲೆಯನ್ನೂ ಆ ಅಜ್ಜಿಯ ಪಾಸ್‌ಬುಕ್ಕನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟು ತೂಗಲು ನನಗೆ ಮನಸ್ಸು ಬರುವುದಿಲ್ಲ.

ಅದೇ ವರ್ಷಗಳಲ್ಲಿ ಸರ್ಕಾರ ಭೂಮಿ ಯೋಜನೆ ತಂದಿತು. ರಾಜ್ಯದ ಸುಮಾರು 2 ಕೋಟಿ ಪಹಣಿಗಳು, ನಮ್ಮ ಕಡೆ ಜನ ಉತಾರ ಅನ್ನುವ ಅದೇ ಕಾಗದ, ಕಂಪ್ಯೂಟರಿಗೆ ಏರಿದವು. ಖಾನಾಪುರದ ತಹಶೀಲ್ದಾರ ಕಚೇರಿಯ ಕಿಟಕಿಯಲ್ಲಿ 15 ರೂಪಾಯಿಗೆ ಅಚ್ಚಾದ ಉತಾರ ಸಿಗತೊಡಗಿತು, ಕೈಬರಹದ ಉತಾರಕ್ಕೆ ಬೆಲೆ ನಿಂತಿತು. ಸಾಲಿನಲ್ಲಿ ನಿಂತ ರೈತರಿಗೆ ಅದು ದೊಡ್ಡ ನೆಮ್ಮದಿ, ತಲಾಠಿಯ ಬಾಗಿಲಿಗೆ ಅಲೆಯುವುದು ತಪ್ಪಿತು. ನಾನೂ ಸಂತೋಷಪಟ್ಟೆ. ಜೊತೆಗೇ, ಕೈಬರಹ ನಿಂತ ದಿನದಿಂದ ಹೊಲದ ಒಡೆತನಕ್ಕೆ ಆಧಾರವಾಗಿ ಉಳಿಯುವುದು ಕಾಂತದ ಮೇಲಿನ ಬರಹವೊಂದೇ ಎಂಬ ಯೋಚನೆ ಆ ಸಾಲಿನ ಪಕ್ಕ ಹಾದುಹೋಗುವಾಗಲೆಲ್ಲ ನನ್ನನ್ನು ಹಿಡಿಯುತ್ತಿತ್ತು.

ಸಂಘದಲ್ಲಿ ನಾವು ಮಾಡಿಕೊಂಡ ಇನ್ನೊಂದು ಪದ್ಧತಿ ಟೇಪಿನ ಪಯಣ. ಖಾನಾಪುರದ ಟೇಪು ವಾರಕ್ಕೊಮ್ಮೆ ಸಿಪಾಯಿಯ ಚೀಲದಲ್ಲಿ ಬಸ್ಸಿನಲ್ಲಿ ಬೆಳಗಾವಿಗೆ ಬರುತ್ತಿತ್ತು, ಬೆಳಗಾವಿಯದು ಅಲ್ಲಿಗೆ ಹೋಗುತ್ತಿತ್ತು. ಒಂದು ಕಡೆ ಬೆಂಕಿಯೋ ನೀರೋ ಬಂದರೆ ಇನ್ನೊಂದು ಕಡೆ ಪ್ರತಿ ಇರಲಿ ಎಂದು ಮ್ಯಾನೇಜರ್ ಸಾಹೇಬರು ಒಪ್ಪಿದ್ದು. ಬಂದ ಟೇಪನ್ನು ಇಲ್ಲಿನ ಡ್ರೈವಿನಲ್ಲಿ ಹಾಕಿ ಪೂರ್ತಿ ಇಳಿಸಿ ಮೊತ್ತ ತಾಳೆ ನೋಡಬೇಕೆಂಬುದು ನನ್ನ ಹಟ. "ವಾರಾ ವಾರಾ ಅದನ್ನ ಓದಿ ನೋಡೂದ್ಯಾಕ್ರೀ, ಬರದೈತಲ್ಲ?" ಎಂದು ಅವರು ಬೇಸರಪಟ್ಟದ್ದುಂಟು. ಒಂದು ಬಾರಿ ಖಾನಾಪುರದ ಟೇಪು ಇಲ್ಲಿ ಒಂದು ಬ್ಲಾಕೂ ಓದಲಿಲ್ಲ. ಅಲ್ಲಿಗೆ ಒಯ್ದು ಹಾಕಿದರೆ ಸುಖವಾಗಿ ಓದಿತು. ಅಲ್ಲಿನ ಡ್ರೈವಿನಲ್ಲಿ ಟೇಪು ಸಾಗುವ ದಾರಿ ಸ್ವಲ್ಪ ಸರಿದಿತ್ತು. ಓರೆಯಾಗಿ ಬರೆದದ್ದನ್ನು ಅದೇ ಓರೆಯಲ್ಲಿ ಓದುವಾಗ ಎಲ್ಲ ಸರಿಯಾಗಿಯೇ ಕಾಣುತ್ತದೆ, ಅಲ್ಲಿನ ತಪಾಸಣೆಗಳೆಲ್ಲ ಪಾಸಾಗುತ್ತವೆ. ಆ ಡ್ರೈವು ಸುಟ್ಟ ದಿನ ಅದು ಬರೆದ ಟೇಪುಗಳೆಲ್ಲ ಮೂಕವಾಗುತ್ತಿದ್ದವು. ಬೇರೆ ಯಂತ್ರದಲ್ಲಿ ಓದಿಸಿದ್ದರಿಂದಲೇ ಇದು ಹೊರಬಿತ್ತು. ಮ್ಯಾನೇಜರ್ ಸಾಹೇಬರು ಆಮೇಲೆ ತಾವೇ ರಿಜಿಸ್ಟರಿನಲ್ಲಿ ಹೊಸ ಅಂಕಣ ಎಳೆಸಿದರು: ಬರೆದವರ ಸಹಿಯ ಪಕ್ಕ, ಓದಿ ನೋಡಿದವರ ಸಹಿ.

ಎಲ್‌ಟಿಓ ಟೇಪುಗಳ ಕಾಲದ ಬಗ್ಗೆ ಹೆಚ್ಚು ಹೇಳುವುದಿಲ್ಲ. 2000ದಲ್ಲಿ 100 ಜಿಬಿಯಿಂದ ಹೊರಟ ಅದು ಒಂಬತ್ತನೆಯ ಪೀಳಿಗೆಯಲ್ಲಿ 18 ಟಿಬಿ ಮುಟ್ಟಿತು. ಕುಗ್ಗದ ಮಾಹಿತಿ ಬಂದಾಗ ಚಿಪ್ಪು ತಾನೇ ಗುರುತಿಸಿ ಹಾಗೆಯೇ ಬಿಡುತ್ತದೆ, ಕಂಪ್ಯೂಟರು ನಿಧಾನವಾದರೆ ಟೇಪೂ ನಿಧಾನವಾಗುತ್ತದೆ. ನಾವು ಸ್ಕ್ರಿಪ್ಟಿನಲ್ಲಿ ಹೆಣಗಿದ ಎಷ್ಟೋ ಸಂಗತಿಗಳನ್ನು ಯಂತ್ರವೇ ವಹಿಸಿಕೊಂಡಿದೆ. ತಪ್ಪು ತಡವಾಗಿ ಬರುವುದು ಮಾತ್ರ ಅಲ್ಲೂ ಹಾಗೆಯೇ ಇದೆ, ಬಫರು ಇನ್ನೂ ದೊಡ್ಡದಾಗಿದೆ.

ಈಗ ನನ್ನ ಮೇಜಿನ ಮೇಲಿರುವುದು ಹಳೆಯ ಕೆಲಸ. ಸಂಘದ ತೀರಿಹೋದ ಸದಸ್ಯರೊಬ್ಬರ ಮಗಳು ತಂದೆಯ ಹಳೆಯ ಠೇವಣಿಯ ಲೆಕ್ಕ ಕೇಳಿದ್ದಾಳೆ. ಆ ವರ್ಷದ ಬೆಳಗಾವಿಯ ಪುಸ್ತಕಗಳು ಗೆದ್ದಲಿಗೆ ಹೋಗಿವೆ. ಉಳಿದಿರುವುದು ಕ್ಯೂಐಸಿ-150ರ ಒಂದು ಕಾರ್ಟ್ರಿಡ್ಜು, ಕುಗ್ಗಿಸದೆ ಬರೆದದ್ದು. ಗುಜರಿಯಲ್ಲಿ ಸಿಕ್ಕ ಡ್ರೈವಿನಲ್ಲಿ ಟೇಪನ್ನು ಓಡಿಸುವ ರಬ್ಬರಿನ ಉರುಳೆ ಕರಗಿ ಡಾಂಬರಾಗಿತ್ತು. ಅದನ್ನು ಕೆರೆದು, ಸರಿಯಾದ ಸುತ್ತಳತೆಯ ರಬ್ಬರ್ ನಳಿಗೆ ಕತ್ತರಿಸಿ ತೊಡಿಸಿದ್ದೇನೆ. ಕಾರ್ಟ್ರಿಡ್ಜಿನ ಒಳಗಿನ ಎಳೆಪಟ್ಟಿ ಸಡಿಲಾಗಿದೆ, ಬೇರೊಂದು ಹಳೆಯ ಕಾರ್ಟ್ರಿಡ್ಜಿನಿಂದ ಬಿಚ್ಚಿ ಹಾಕಬೇಕು. ಟೇಪನ್ನು ಒಮ್ಮೆಯೇ ಓಡಿಸುವ ಧೈರ್ಯ ನನಗಿದೆ, ಎರಡನೆಯ ಬಾರಿಗೆ ಅದು ತಾಳುತ್ತದೆಂಬ ಭರವಸೆಯಿಲ್ಲ. ಅದಕ್ಕೇ ಮೊದಲು ಬೇಡದ ಟೇಪುಗಳ ಮೇಲೆ ಓಡಿಸಿ ನೋಡುತ್ತಿದ್ದೇನೆ. ಬೆಳಗಾವಿ, ಹುಬ್ಬಳ್ಳಿ, ಕೊಲ್ಹಾಪುರದ ಕಡೆ ಯಾರ ಅಟ್ಟದ ಮೇಲಾದರೂ ಅಂಥ ಕಾರ್ಟ್ರಿಡ್ಜುಗಳಿದ್ದರೆ, ಖಾಲಿಯಾದವಾದರೂ ಸರಿ, ದಯವಿಟ್ಟು ಗುಜರಿಗೆ ಹಾಕಬೇಡಿ. ಆ ಪಟ್ಟಿ ನಮಗೆ ಬೇಕಾಗಿದೆ.